ಸುಸ್ಥಿರ ಅಭಿವೃದ್ಧಿ ಎಂದರೇನು?



ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಾವೇ ಮುಂದೆ ನಿಂತು ‘ಸುಸ್ಥಿರ ಅಭಿವೃದ್ಧಿ’ ಸಮ್ಮೇಳನಗಳನ್ನು ನಡೆಸುತ್ತಿದ್ದಾರೆ. 1987ರಲ್ಲಿ ಬ್ರುಂಟ್‌ಲಾಂಡ್ ಆಯೋಗ ಕೊಟ್ಟ ಅರ್ಥ ಸರಳ: ಇಂದಿನ ಅಗತ್ಯಕ್ಕಾಗಿ ಮುಂದಿನವರ ಪಾಲಿಗೆ ಕೈಹಾಕಬಾರದು.

ದೇವನಹಳ್ಳಿಯಲ್ಲಿ ಇದಕ್ಕೆ ನೀರೇ ಒರೆಗಲ್ಲು. ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇಂಗುವುದಕ್ಕಿಂತ ಹೆಚ್ಚು ನೀರನ್ನು ಕೊಳವೆಬಾವಿಗಳಿಂದ ಎತ್ತುತ್ತಿದ್ದೇವೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಈ ಭಾಗದ ಕೆರೆಗಳಿಗೆ ಬರುತ್ತದೆ. ಕೆರೆ ತುಂಬಿದರೆ ಸಂತೋಷವೇ. ಆದರೆ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಆಗಬೇಕೆಂಬುದು ರೈತರ ಬೇಡಿಕೆ.

ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು. ಆಗಲೂ ನೀರಿದ್ದೀತೇ ಎಂದು ಯೋಚಿಸಿಯೇ ಸಸಿ ನೆಡಿ. ಹನಿ ನೀರಾವರಿ, ಬುಡಕ್ಕೆ ಸೋಗೆಯ ಮುಚ್ಚಿಗೆ, ಇಂಗುಗುಂಡಿ ನಮ್ಮ ಕೈಯಲ್ಲೇ ಇವೆ. ವಿದ್ಯಾರ್ಥಿಗಳು ಕರೆದರೆ ತಪ್ಪದೆ ಹೋಗಿ, ನಿಮ್ಮ ಬಾವಿಯ ಲೆಕ್ಕವನ್ನೂ ಹೇಳಿ ಬನ್ನಿ.

– ಕಾರ್ಯದರ್ಶಿ