ಕೊಳ್ಳುವ ಮುನ್ನ ಒಂದು ಗುಟುಕು

‘ಚೊಚ್!’ ಎಂದು ಯಜಮಾನ ಕೂಗು ಹಾಕಿದ್ದೇ ತಡ, ಊಟದ ಮೇಜುಗಳು ಖಾಲಿಯಾಗುತ್ತವೆ. ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ, ತೆಳು ಗಾಜಿನ ಅಗಲ ಬಾಯಿಯ ಲೋಟ ಹಿಡಿದು ಎಲ್ಲರೂ ಪಕ್ಕದ ತಣ್ಣನೆಯ ಕೊಠಡಿಗೆ ಹೊರಡುತ್ತಾರೆ. ಅಲ್ಲಿ ಆಳೆತ್ತರ ಮೀರಿದ ಪೀಪಾಯಿಗಳ ಸಾಲು. ಯಜಮಾನ ಒಂದರ ಬಿರಡೆ ತೆಗೆದರೆ ಹುರಿದಾರದಂಥ ಸಣ್ಣ ಧಾರೆ ಮುಂದಕ್ಕೆ ಚಿಮ್ಮುತ್ತದೆ. ಸಾಲಿನಲ್ಲಿ ಮೊದಲು ನಿಂತವರು ಲೋಟವನ್ನು ತಗ್ಗಿಸಿ, ಓರೆಯಾಗಿ ಒಡ್ಡಿ, ಒಂದೆರಡು ಬೆರಳಷ್ಟು ಹಿಡಿದುಕೊಂಡು ಸರಿಯುವಷ್ಟರಲ್ಲಿ ಹಿಂದಿನವರ ಲೋಟ ಅದೇ ಧಾರೆಗೆ ಬಂದು ಸೇರಿರುತ್ತದೆ. ಕೊನೆಯವರು ಹಿಡಿದಾದ ಮೇಲೆಯೇ ಬಿರಡೆ ಮುಚ್ಚುವುದು.

ಇದು ಬಾಸ್ಕ್ ನಾಡಿನ ‘ಸಗರ್ದೊತೆಗಿ’, ಅಂದರೆ ಸೈಡರ್ ಮನೆ. ಸೇಬಿನ ರಸವನ್ನು ಹುದುಗಿಸಿದರೆ ಸೈಡರ್. ಇಲ್ಲಿನದು ಸಕ್ಕರೆ ಬೆರೆಸದ, ಹುಳಿ ಮುಂದಾದ, ಶೇ 6ರ ಆಸುಪಾಸು ಮದ್ಯಾಂಶವಿರುವ ಪಾನೀಯ. ಸ್ಪೇನಿನ ಉತ್ತರ ಅಂಚಿಗೂ ಫ್ರಾನ್ಸಿನ ನೈಋತ್ಯ ಮೂಲೆಗೂ ಹರಡಿಕೊಂಡ ಈ ನಾಡಿಗೆ ಬರುವ ಪ್ರವಾಸಿಗಳು ಸಾಮಾನ್ಯವಾಗಿ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗ್ಗೆನ್‌ಹೈಮ್ ಮ್ಯೂಸಿಯಂ ನೋಡುತ್ತಾರೆ. ಸ್ಥಳೀಯರು ದೊನೊಸ್ತಿಯ ಎನ್ನುವ ಸಾನ್ ಸೆಬಾಸ್ಟಿಯನ್ನಿನ ಕಡಲತೀರದಲ್ಲಿ ಅಡ್ಡಾಡುತ್ತಾರೆ. ಆ ಊರಿನಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಉರುಮೆಯ ನದಿಯ ಕಣಿವೆಯಲ್ಲಿರುವ ಅಸ್ತಿಗರ್ರಗ ಸಿಗುತ್ತದೆ. ಸೈಡರ್ ಮನೆಗಳು ಒತ್ತೊತ್ತಾಗಿರುವುದು ಇಲ್ಲಿ ಮತ್ತು ಪಕ್ಕದ ಎರ್ನಾನಿಯಲ್ಲಿ.

ಹೊಸಬರಿಗೆ ಇಲ್ಲಿನ ರೀತಿ ವಿಚಿತ್ರವೆನಿಸುತ್ತದೆ. ಕೆಲವೆಡೆ ಕುರ್ಚಿಯೇ ಇಲ್ಲ, ನಿಂತೇ ಊಟ. ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಅಡುಗೆ. ಲೋಟ ತುಂಬಿಸಿಕೊಂಡರೆ ಜನ ನೋಡಿ ನಗುತ್ತಾರೆ. ಇದಕ್ಕೆಲ್ಲ ಕಾರಣ ಒಂದೇ: ಇದು ಮೂಲದಲ್ಲಿ ಹೋಟೆಲ್ ಅಲ್ಲ, ವ್ಯಾಪಾರದ ಜಾಗ. ಪಟ್ಟಣದ ಹೋಟೆಲಿನವರು, ಅಡುಗೆ ಸಂಘಗಳ ಸದಸ್ಯರು ವರ್ಷದ ಸೈಡರ್ ಖರೀದಿಸಲು ಬರುತ್ತಿದ್ದರು. ಪೀಪಾಯಿಯಿಂದ ಪೀಪಾಯಿಗೆ ಹೋಗಿ ರುಚಿ ನೋಡಿ, ಒಪ್ಪಿದ್ದನ್ನು ಗೊತ್ತುಮಾಡುತ್ತಿದ್ದರು. ಪೀಪಾಯಿಯ ಸಣ್ಣ ತೂತಿಗೆ ಜಡಿದ ಕಡ್ಡಿಯೇ ಚೊಚ್. ರುಚಿ ನೋಡುವವರು ಕೂರುವುದೆಲ್ಲಿ? ಬರಿಹೊಟ್ಟೆಯಲ್ಲಿ ಕುಡಿಯಬಾರದೆಂದು ಅವರೇ ಬುತ್ತಿ ತರುತ್ತಿದ್ದರು, ಮನೆಯವರು ಕೆಂಡ ಒದಗಿಸುತ್ತಿದ್ದರು. ಆ ಬುತ್ತಿಯೇ ಇಂದಿನ ಊಟವಾಗಿದೆ: ಉಪ್ಪು ಹಾಕಿದ ಕಾಡ್ ಮೀನಿನ ಆಮ್ಲೆಟ್, ಹಸಿರು ಮೆಣಸಿನಕಾಯಿಯ ಜೊತೆ ಅದೇ ಮೀನು, ಕೆಂಡದ ಮೇಲೆ ಸುಟ್ಟ ದನದ ಮಾಂಸದ ದಪ್ಪ ತುಂಡು, ಕೊನೆಗೆ ಕುರಿಹಾಲಿನ ಇದಿಯಸಾಬಲ್ ಚೀಸ್, ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವ, ಅಕ್ರೋಟು. ಲೋಟಕ್ಕೆ ತುಸುವೇ ಹಿಡಿಯುವುದಕ್ಕೂ ಕಾರಣವಿದೆ. ದೂರದಿಂದ ಬಂದ ಧಾರೆ ಗಾಜಿಗೆ ಬಡಿದು ಒಡೆದಾಗ ಒಳಗಿನ ಅನಿಲ ಬಿಡುಗಡೆಯಾಗಿ ಪರಿಮಳ ಏಳುತ್ತದೆ. ನೊರೆ ಇಳಿಯುವ ಮೊದಲೇ ಒಂದೇ ಗುಟುಕಿಗೆ ಮುಗಿಸಬೇಕು.

ಸೈಡರಿನ ಹಿಂದೆಯೇ ಹೋದರೆ ಇಡೀ ನಾಡನ್ನು ಸುತ್ತಿದಂತಾಗುತ್ತದೆ. ಶರತ್ಕಾಲದಲ್ಲಿ ತೋಟಗಳಲ್ಲಿ ಉದುರಿದ ಸೇಬನ್ನು ಬಗ್ಗದೆ ಆರಿಸಲು ‘ಕಿಸ್ಕಿ’ ಎಂಬ ಕೋಲಿದೆ. ತುದಿಯ ಮೊಳೆಗೆ ಹಣ್ಣನ್ನು ಚುಚ್ಚಿ ಬುಟ್ಟಿಯ ಅಂಚಿಗೆ ತಟ್ಟಿದರೆ ಒಳಗೆ ಬೀಳುತ್ತದೆ. ಒಳನಾಡಿನ ಎಸ್ಕಿಯೊದಲ್ಲಿ 16ನೇ ಶತಮಾನದ ಇಗರ್ತುಬೆಯ್ತಿ ತೋಟದ ಮನೆ ಈಗ ಮ್ಯೂಸಿಯಂ. ಅಲ್ಲಿ ಗಾಣವನ್ನು ಮನೆಯೊಳಗೆ ಇಟ್ಟಿದ್ದಾರೆ ಎನ್ನುವುದಕ್ಕಿಂತ ಗಾಣದ ಸುತ್ತ ಮನೆ ಕಟ್ಟಿದ್ದಾರೆ ಎನ್ನಬೇಕು. ಸೇಬು ಹಿಂಡುವ ಭಾರಿ ತೊಲೆ ಮೇಲಂತಸ್ತಿನ ಉದ್ದಕ್ಕೂ ಚಾಚಿದೆ. ಹಿಂಡುವ ಕೆಲಸ ಮುಗಿದ ಮೇಲೆ ಹಲಗೆಯನ್ನು ಕೋಲುಗಳಿಂದ ಕುಟ್ಟಿ ಸಂಭ್ರಮಿಸುವ ಪದ್ಧತಿಯೇ ‘ಚಲಪರ್ತ’ ವಾದ್ಯವಾಗಿ ಉಳಿದಿದೆ. ಇಬ್ಬರು ನುಡಿಸಬೇಕು, ಒಬ್ಬರು ಬಿಟ್ಟ ಸಂದಿಯನ್ನು ಇನ್ನೊಬ್ಬರು ತುಂಬಬೇಕು.

ಕಡಲಿನ ಕಡೆಗೂ ಇದೇ ಪೀಪಾಯಿ ಕರೆದೊಯ್ಯುತ್ತದೆ. 16ನೇ ಶತಮಾನದಲ್ಲಿ ಬಾಸ್ಕ್ ನಾವಿಕರು ತಿಮಿಂಗಿಲ ಬೇಟೆಗೆ ಕೆನಡಾದ ಲ್ಯಾಬ್ರಡಾರ್ ತೀರದವರೆಗೆ ಹೋಗುತ್ತಿದ್ದರು. ಹಡಗಿನಲ್ಲಿ ನೀರು ಕೆಡುತ್ತಿತ್ತು, ಸೈಡರ್ ಕೆಡುತ್ತಿರಲಿಲ್ಲ. 1565ರಲ್ಲಿ ಅಲ್ಲಿನ ರೆಡ್ ಬೇಯಲ್ಲಿ ಮುಳುಗಿದ ‘ಸಾನ್ ಹ್ವಾನ್’ ಹಡಗಿನ ಅವಶೇಷ 1978ರಲ್ಲಿ ಪತ್ತೆಯಾಯಿತು. ದೊನೊಸ್ತಿಯದ ಪಕ್ಕದ ಪಸಾಯ ಬಂದರಿನ ಅಲ್ಬಾವೊಲ ಹಡಗುಕಟ್ಟೆಯಲ್ಲಿ ಬಡಗಿಗಳು ಅದರ ಪ್ರತಿರೂಪವನ್ನು ಹಳೆಯ ವಿಧಾನದಲ್ಲೇ ಕಟ್ಟಿ 2024ರಲ್ಲಿ ನೀರಿಗಿಳಿಸಿದರು.

ಇನ್ನು ಹಾಡು. ಸುತ್ತಲಿನ ಯಾವ ಭಾಷೆಗೂ ನಂಟಿಲ್ಲದ ಬಾಸ್ಕ್ ಭಾಷೆಯಲ್ಲಿ ನಿಂತ ನಿಲುವಿನಲ್ಲೇ ಪದ್ಯ ಕಟ್ಟಿ ಹಾಡುವವರನ್ನು ‘ಬೆರ್ಚೊಲರಿ’ ಎನ್ನುತ್ತಾರೆ. ಸವಾಲು ಜವಾಬಿನ ಈ ಆಶುಕವಿತೆ ಬೆಳೆದ ಜಾಗಗಳಲ್ಲಿ ಸೈಡರ್ ಮನೆಯೂ ಒಂದು. ಎರ್ನಾನಿಯ ಗಾರೆ ಕೆಲಸದ ಚಿರ್ರಿತ ಈ ಮನೆಗಳ ಖಾಯಂ ಗಿರಾಕಿ. 75ರ ವಯಸ್ಸಿನಲ್ಲಿ, 1936ರ ಬೆರ್ಚೊಲರಿ ಸ್ಪರ್ಧೆಯನ್ನು ಗೆದ್ದವರು.

ಹೋಗುವವರಿಗೆ ಒಂದೆರಡು ಮಾತು. ಪೀಪಾಯಿ ತೆರೆಯುವ ಕಾಲ ಜನವರಿ ನಡುವಿನಿಂದ ಏಪ್ರಿಲ್ ಕೊನೆಯವರೆಗೆ. ಉಳಿದದ್ದು ಬಾಟಲಿಗೆ ಹೋಗುತ್ತದೆ. ವಾರಾಂತ್ಯದಲ್ಲಿ ಗುಂಪುಗಳ ಗದ್ದಲ, ಮೊದಲೇ ಜಾಗ ಕಾದಿರಿಸಬೇಕು. ಸಸ್ಯಾಹಾರಿಗಳು ಮುಂಚೆಯೇ ಹೇಳಿಡುವುದು ಒಳ್ಳೆಯದು. ಏನೂ ಇಲ್ಲದಿದ್ದರೆ ಚೀಸು, ಅಕ್ರೋಟಿನಲ್ಲೇ ತೃಪ್ತಿಪಡಬೇಕಾದೀತು. ವಾಪಸ್ ಬರಲು ಬಸ್ಸೇ ಸರಿ. ಬೇರೆ ತಿಂಗಳಲ್ಲಿ ಹೋದವರಿಗೆ ಅಸ್ತಿಗರ್ರಗದ ‘ಸಗರ್ದೊಎಚೆಯ’ ಮ್ಯೂಸಿಯಂ, ಅದರ ಸೇಬಿನ ತೋಟ ಇದ್ದೇ ಇವೆ.

ಬಾಟಲಿ ಕೊಳ್ಳುವುದಾದರೆ ‘ಯೂಸ್ಕಲ್ ಸಗರ್ದೊವ’ ಎಂಬ ಮುದ್ರೆ ಇದೆಯೇ ನೋಡಿ. ಸ್ಥಳೀಯ ಬೆಳೆ ಸಾಲದೆ ಹೊರಗಿನ ಸೇಬನ್ನೂ ತರಿಸಿ ಸೈಡರ್ ಮಾಡುವುದು ಇಲ್ಲಿ ಮಾಮೂಲು. ಪೂರ್ತಿ ಬಾಸ್ಕ್ ನಾಡಿನ ಸೇಬಿನದೇ ಎಂದು ಖಾತ್ರಿ ಕೊಡುವ ಈ ಮುದ್ರೆ 2017ರಲ್ಲಿ ಬಂತು. ಸೇಬು ಯಾವ ತೋಟದ್ದು ಎಂದು ಯಜಮಾನರನ್ನೇ ಕೇಳಿದರೂ ಅವರು ಬೇಸರ ಮಾಡಿಕೊಳ್ಳಬೇಕಿಲ್ಲ. ವಿಚಾರಿಸಿ, ರುಚಿ ನೋಡಿ ಕೊಳ್ಳುವ ಗಿರಾಕಿಗಳಿಗಾಗಿಯೇ ಈ ಮನೆಗಳ ಬಾಗಿಲು ತೆರೆದದ್ದು.