ಹಿಂಸೆ ತಡೆದರಷ್ಟೇ ಸೋಂಕಿಗೂ ತಡೆ

ಕಾಂಡೋಮ್ ಬಳಸಿ, ಸಂಗಾತಿಗೆ ನಿಷ್ಠರಾಗಿರಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಬಸ್ ನಿಲ್ದಾಣ, ಆಸ್ಪತ್ರೆಗಳ ಗೋಡೆಯ ಮೇಲೆ ವರ್ಷಗಳಿಂದ ಓದುತ್ತ ಬಂದಿರುವ ಈ ಮೂರೂ ಮಾತು ಸರಿಯೇ. ಆದರೆ ಇವು ಮನೆಯಲ್ಲಿ ಮಾತು ನಡೆಯುವವರಿಗೆ ಹೇಳಿದ ಬುದ್ಧಿಮಾತುಗಳು. ಒಲ್ಲೆ ಅಂದರೆ ಹೊಡೆತ ತಿನ್ನಬೇಕಾದ ಹುಡುಗಿಗೆ ಇವುಗಳಲ್ಲಿ ಒಂದೂ ಕೈಗೆಟುಕುವುದಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಎಚ್‌ಐವಿ ತಡೆಯುವ ಕೆಲಸ ಗಟ್ಟಿಯಾಗಬೇಕಾದರೆ, ಎಳೆಯ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಹಿಂಸೆ ತಡೆಯುವುದೇ ಅದರ ಮೊದಲ ಹೆಜ್ಜೆಯಾಗಬೇಕು.

ಈ ಸೀಮೆಗೆ ಈ ಪಾಠ ಹೊಸದಲ್ಲ. ದೇವದಾಸಿ ಪದ್ಧತಿಯಲ್ಲಿ ಕೊರಳಿಗೆ ಕೆಂಪು–ಬಿಳಿ ಮಣಿಗಳ ಮುತ್ತು ಕಟ್ಟಿಸಿಕೊಂಡ ಬಾಲೆಯನ್ನು ಮೈನೆರೆದ ಮೇಲೆ ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುತ್ತಿದ್ದವರು ಹಿರಿಯರು; ಅವಳನ್ನು ಯಾರೂ ಕೇಳುತ್ತಿರಲಿಲ್ಲ. 1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ ಬಂತು. ಆದರೂ 2007–08ರ ಸರ್ಕಾರಿ ಸಮೀಕ್ಷೆ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿತು. ಇಂಥವರಲ್ಲಿ ಹಲವರ ಪಾಲಿಗೆ ಬಂದದ್ದು ಲೈಂಗಿಕ ವೃತ್ತಿ; 2005ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಲೈಂಗಿಕ ವೃತ್ತಿನಿರತ ಮಹಿಳೆಯರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಗೆ ಎಚ್‌ಐವಿ ಇತ್ತು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಮುಂದೆ, 1997ರಲ್ಲಿ ಮಾಜಿ ದೇವದಾಸಿಯರೇ ಘಟಪ್ರಭಾದಲ್ಲಿ ಕಟ್ಟಿದ ‘ಮಾಸ್’ ಸಂಸ್ಥೆಯನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ಸಮರ್ಪಣೆ ತಪ್ಪಿಸಲು ಈ ಹೆಣ್ಣುಮಕ್ಕಳು ಓಣಿ ಓಣಿ ತಿರುಗಿದ್ದನ್ನು ನಾವು ಸಮಾಜ ಸುಧಾರಣೆ ಎಂದು ಮಾತ್ರ ಎಣಿಸಿದ್ದೇವೆ. ಅದು ರೋಗ ತಡೆಯುವ ಕೆಲಸವೂ ಆಗಿತ್ತು.

ಹೀಗೆನ್ನಲು ಪುರಾವೆ ಇದೆ. ಕರ್ನಾಟಕದ ಲೈಂಗಿಕ ವೃತ್ತಿನಿರತ ಮಹಿಳೆಯರ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂಸೆ ಅನುಭವಿಸದವರ ಪೈಕಿ ಶೇ 75ರಷ್ಟು ಮಂದಿ ಹಿಂದಿನ ತಿಂಗಳು ಗಿರಾಕಿಗಳೊಂದಿಗೆ ಒಮ್ಮೆಯೂ ಕಾಂಡೋಮ್ ತಪ್ಪಿಸಿರಲಿಲ್ಲ. ಆ ವರ್ಷ ಹೊಡೆತ ಅಥವಾ ಅತ್ಯಾಚಾರಕ್ಕೆ ಗುರಿಯಾದವರಲ್ಲಿ ಆ ಪ್ರಮಾಣ ಶೇ 55. ಅವರಲ್ಲಿ ಗೊನೊರಿಯಾ ಸೋಂಕು ಹೆಚ್ಚುಕಡಿಮೆ ದುಪ್ಪಟ್ಟಿತ್ತು. ಕ್ಲಿನಿಕ್‌ಗೆ ಬಂದವರೂ ಕಡಿಮೆ. ಪೊಲೀಸರಿಗೆ, ವಕೀಲರಿಗೆ ತರಬೇತಿ ಕೊಟ್ಟು, ಮಹಿಳೆಯರ ಸಂಘಗಳನ್ನು ಬಲಪಡಿಸಿ, ಕರೆದ ಕೂಡಲೇ ನೆರವಿಗೆ ಬರುವ ತಂಡ ಕಟ್ಟಿದ ಮೇಲೆ ಹಿಂಸೆಗೊಳಗಾದವರ ಪ್ರಮಾಣ ಶೇ 13ರಿಂದ ಶೇ 9ಕ್ಕೆ ಇಳಿಯಿತು.

ಇದು ದೇವದಾಸಿಯರ, ವೃತ್ತಿನಿರತರ ಪ್ರಶ್ನೆ, ಮಗಳಿಗೆ ಬೇಗ ಲಗ್ನ ಮಾಡಿದರೆ ಚಿಂತೆ ತಪ್ಪಿತು ಎನ್ನುವವರಿದ್ದಾರೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿ ಬೇರೆಯದನ್ನೇ ಹೇಳುತ್ತದೆ: ಗಂಡನಿಂದ ದೈಹಿಕ, ಲೈಂಗಿಕ ಹಿಂಸೆ ಎರಡನ್ನೂ ಅನುಭವಿಸಿದ ವಿವಾಹಿತೆಯರಲ್ಲಿ ಎಚ್‌ಐವಿ ಪ್ರಮಾಣ ಅಂಥ ಹಿಂಸೆಯನ್ನೇ ಅನುಭವಿಸದವರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಇತ್ತು. ಹೊಡೆತವೇ ಸೋಂಕು ತಂದಿತೆಂದು ಈ ಅಂಕಿಯೊಂದರಿಂದಲೇ ಹೇಳಲಾಗದು ನಿಜ. ಆದರೆ ಹೊಡೆಯುವ ಗಂಡನೇ ಹೊರಗಿನಿಂದ ಸೋಂಕನ್ನೂ ತಂದಿರಬಹುದಾದ ಮನೆಯಲ್ಲಿ ತಾಳಿ ಯಾರನ್ನು ಕಾಯುತ್ತದೆ? ಹದಿನೆಂಟು ತುಂಬದ ಪತ್ನಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಈಗ ಒಳ್ಳೆಯ ಔಷಧವಿದೆ, ಹಿಂಸೆಯ ಮಾತು ಆರೋಗ್ಯ ಇಲಾಖೆಗೆ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆ ಜೀವ ಉಳಿಸುತ್ತದೆ, ಸೋಂಕು ಹರಡುವುದನ್ನೂ ತಡೆಯುತ್ತದೆ. ಆದರೆ ಗಂಡನಿಗೆ ಹೆದರಿ ಪರೀಕ್ಷೆಗೇ ಬಾರದವಳಿಗೆ, ಮಾತ್ರೆ ಬಚ್ಚಿಟ್ಟು ನುಂಗಬೇಕಾದವಳಿಗೆ ಆ ಔಷಧದ ಪೂರ್ತಿ ಫಲ ಸಿಗದು.

ಹಿಂಸೆ ನಡೆದೇಹೋದ ಮೇಲೂ ಒಂದು ಬಾಗಿಲು ತೆರೆದಿರುತ್ತದೆ. ಅತ್ಯಾಚಾರವಾದ 72 ಗಂಟೆಯೊಳಗೆ, ಆದಷ್ಟು ಬೇಗ, ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡಿ 28 ದಿನ ತಪ್ಪದೆ ತೆಗೆದುಕೊಂಡರೆ ಸೋಂಕು ತಗಲುವ ಸಂಭವ ಬಹಳ ಇಳಿಯುತ್ತದೆ. ಸಂತ್ರಸ್ತೆಗೆ ಸರ್ಕಾರಿ, ಖಾಸಗಿ ಆಸ್ಪತ್ರೆ ಯಾವುದೇ ಇರಲಿ, ಉಚಿತ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. ಎಫ್‌ಐಆರ್ ತಂದರಷ್ಟೇ ಔಷಧ ಎನ್ನುವಂತಿಲ್ಲ. ಮನೆತನದ ಮರ್ಯಾದೆಗೆ ಅಂಜಿ ಪಂಚಾಯ್ತಿಕಟ್ಟೆಯಲ್ಲಿ ಮೂರು ದಿನ ರಾಜಿ ನಡೆಸಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಆದ್ದರಿಂದ ಮೂರೂ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಹಗಲು–ರಾತ್ರಿ ಈ ಮಾತ್ರೆ ಸಿಗಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಠಾಣೆಯ ಸಿಬ್ಬಂದಿ, ಹಾಸ್ಟೆಲ್ ವಾರ್ಡನ್‌ಗಳಿಗೆ 72 ಗಂಟೆಯ ಲೆಕ್ಕ ಬಾಯಿಪಾಠವಾಗಿರಬೇಕು. ಓದುಗರೇ, ಸಹಾಯವಾಣಿಗಳಾದ 112, ಮಕ್ಕಳಿಗಾಗಿ 1098, ಎಚ್‌ಐವಿ ಮಾಹಿತಿಗೆ 1097 ಸಂಖ್ಯೆಗಳನ್ನು ನಿಮ್ಮೂರ ಹೆಣ್ಣುಮಕ್ಕಳಿಗೆ ಇವತ್ತೇ ತಿಳಿಸಿ. ಯಾರಾದರೂ ನೆರವು ಕೇಳಿ ಬಂದರೆ ಮೊದಲು ನಂಬಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.