ಮೇಸ್ತ್ರಿ ಸೋಮಾರಿ ಅಲ್ಲ ಸ್ವಾಮಿ!

ಇವತ್ತು ರಾಜಕೀಯ ಬೇಡ ವೀಕ್ಷಕರೇ, ಒಂದು ಗೋಡೆಯ ಕಥೆ ಹೇಳ್ತೀನಿ.

ಬೆಂಗಳೂರಲ್ಲಿ ನಾನು ಮನೆ ಕಟ್ಟಿಸ್ತಿದ್ದ ಕಾಲ. ಒಂದು ಮಧ್ಯಾಹ್ನ ಸೈಟಿಗೆ ಹೋದರೆ ಗಾರೆ ಮೇಸ್ತ್ರಿ ಸುಮ್ಮನೆ ಕೂತಿದ್ದಾರೆ. ಸಿಟ್ಟು ನೆತ್ತಿಗೇರಿತು. 'ಕೂರೋದಕ್ಕೇನ್ರೀ ನಾನು ಕೂಲಿ ಕೊಡೋದು?' ಅಂದೆ. ಅವರು ಎದ್ದು ನಿಂತು ಹೇಳಿದ್ದು ಇಷ್ಟೇ: 'ಬೆಳಗ್ಗೆ ಬರಬೇಕಿದ್ದ ಎಂ-ಸ್ಯಾಂಡ್ ಬಂದಿಲ್ಲ ಸಾರ್. ಗಾಳೀಲಿ ಗೋಡೆ ಕಟ್ಲಾ?' ಲೋಡು ಹೇಳೋದನ್ನ ಮರೆತಿದ್ದವನು ನಾನೇ!

ಕೆಲಸ ನಿಧಾನವಾದರೆ ನಾವು ಮೊದಲು ಬೈಯೋದು ಮೇಸ್ತ್ರಿಯನ್ನ. ಆದರೆ ಅವರ ಕೈವೇಗ ಅವರೊಬ್ಬರ ಕೈಯಲ್ಲಿಲ್ಲ. ಮರಳು, ಸಿಮೆಂಟು, ನೀರು ಹೊತ್ತಿಗೆ ಸರಿಯಾಗಿ ಬರಬೇಕು. ಕಲಸಿ ಕೊಡೋಕೆ, ಬಾಂಡ್ಲಿ ಹೊರೋಕೆ ಹೆಲ್ಪರ್‌ಗಳು ಸಾಕಷ್ಟು ಇರಬೇಕು. ಆರು ಇಂಚಿನ ಒಂದು ಸಾಲಿಡ್ ಬ್ಲಾಕ್ ಸುಮಾರು 25 ಕೆಜಿ ತೂಗುತ್ತೆ. ಅದನ್ನ ದಿನವಿಡೀ ಎತ್ತುವ ತೋಳು ಸಂಜೆಗೆ ಸೋಲದೇ ಇರುತ್ತಾ? ಗೋಡೆ ಎದೆಮಟ್ಟ ದಾಟಿದರೆ ಸಾರುವೆ ಬೇಕು. ಅದು ಅಲ್ಲಾಡ್ತಿದ್ದರೆ ಮೇಸ್ತ್ರಿ ಗೋಡೆ ನೋಡ್ತಾರಾ, ಪ್ರಾಣ ನೋಡ್ತಾರಾ? ಇನ್ನು ಗೋಡೆ ಎದ್ದ ಮೇಲೆ ವಾಸ್ತು ಹೇಳೋರು ಬರ್ತಾರೆ, ಕಿಟಕಿ ಆ ಕಡೆ ಹೋಗಬೇಕು ಅಂತಾರೆ. ಒಡೆದು ಕಟ್ಟಿದ ಆ ದಿನ ಯಾರ ಲೆಕ್ಕಕ್ಕೆ?

ಇದು ಹೊಸ ವಿಷಯವೇನಲ್ಲ. ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್ 1885ರಲ್ಲಿ, 17ನೇ ವಯಸ್ಸಿಗೆ, ಇಟ್ಟಿಗೆ ಕೆಲಸಕ್ಕೆ ಸೇರಿದವರು. ಕೆಲಸಗಾರ ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಗ್ಗಿ ಏಳೋದನ್ನ ಕಂಡರು. ಇಟ್ಟಿಗೆ, ಗಾರೆ ಎರಡೂ ಕೈಯೆತ್ತರಕ್ಕೆ ಸಿಗುವ, ಗೋಡೆ ಜೊತೆ ಏರಿಸಬಹುದಾದ ಸಾರುವೆ ಮಾಡಿಸಿದರು. ಒಂದು ಇಟ್ಟಿಗೆಗೆ 18 ಚಲನೆ ಬೇಕಿದ್ದದ್ದು 5ಕ್ಕೆ ಇಳೀತು. ಗಂಟೆಗೆ 120 ಇದ್ದ ಇಟ್ಟಿಗೆ 350 ಆಯ್ತು ಅಂತ 1911ರಲ್ಲಿ ಫ್ರೆಡರಿಕ್ ಟೇಲರ್ ಬರೆದಿದ್ದಾರೆ. ಬೈದು ಅಲ್ಲ, ಬೆನ್ನಿನ ಕಷ್ಟ ಇಳಿಸಿ!

ಕೊನೆಗೆ ಬಿಸಿಲು. ಬೇಸಿಗೇಲಿ ಕಲಬುರಗಿ, ರಾಯಚೂರು ಕಡೆ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೇ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗೀತವೆ. ಫ್ಯಾನ್ ಕೆಳಗೆ ಕೂತವರಿಗೆ ಸಿಗುವ ಈ ಕರುಣೆ ಸಾರುವೆ ಮೇಲೆ ನಿಂತವರಿಗೆ ಎಷ್ಟು ಸೈಟಲ್ಲಿ ಸಿಗ್ತಿದೆ?

ಮರುದಿನ ನಾನು ಮೊದಲು ಮರಳಿನ ಲೋಡು ತರಿಸಿದೆ. ಆಮೇಲೆ ಒಂದು ಕ್ಯಾನ್ ಕುಡಿಯೋ ನೀರು, ನೆರಳಿಗೊಂದು ಟಾರ್ಪಾಲು. ಗೋಡೆ ತಾನಾಗೇ ಎದ್ದಿತು. ಮೇಸ್ತ್ರಿಗೆ ಬೈಯೋ ಮುಂಚೆ ಒಂದ್ಸಲ ಸೈಟು ನೋಡಿ ಸ್ವಾಮಿ.